ಭರ್ತಿ ಕಾಟಾ, ಖಾಲಿ ಕಾಟಾ

ನಮ್ಮ ಸೋದರಮಾವ ಮನುಷ್ಯರನ್ನು ನೋಡುವುದಿಲ್ಲ, ತೂಗುತ್ತಾರೆ! ಅವರ ತಪ್ಪಲ್ಲ ಬಿಡಿ. ರಾಯಬಾಗ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ, ಅಂದರೆ ಕಬ್ಬಿನ ಗಾಡಿ ತೂಗುವ ಜಾಗದಲ್ಲಿ, ಮೂವತ್ತು ವರ್ಷ ಕೂತ ಮನುಷ್ಯನ ಕಣ್ಣು ಇನ್ನು ಹೇಗಿರಬೇಕು? ಕಬ್ಬು ಹೇರಿದ ಟ್ರ್ಯಾಕ್ಟರ್ ಬಂದರೆ ಭರ್ತಿ ಕಾಟಾ. ಇಳಿಸಿ ಹೊರಟರೆ ಖಾಲಿ ಕಾಟಾ. ಅದರಲ್ಲಿ ಇದನ್ನು ಕಳೆದರೆ ಉಳಿದದ್ದು ಕಬ್ಬು. ಮಾಮಾಗೆ ಗೊತ್ತಿದ್ದ ವಿದ್ಯೆ ಇದೊಂದೇ. ಇದೊಂದೇ ಸಾಕು ಎಂಬುದು ಅವರ ಅಭಿಪ್ರಾಯ.

ಪ್ರಾಮಾಣಿಕತೆ ಮಾತ್ರ ವಿಪರೀತ. ಒಮ್ಮೆ ನಮ್ಮಪ್ಪ ದಿಗ್ಗೇವಾಡಿಯಿಂದ ಕಬ್ಬು ಹೇರಿಕೊಂಡು ಹೋಗಿ, ಹೆಂಡತಿಯ ಅಣ್ಣನೇ ಕಾಟಾದಲ್ಲಿದ್ದಾನೆಂಬ ಧೈರ್ಯಕ್ಕೆ ಟ್ರೇಲರಿನ ಮೇಲೆಯೇ ಕೂತಿದ್ದರು.

"ಅಳಿಯಾರ, ಕೆಳಗ ಇಳೀರಿ. ಕಾರ್ಖಾನಿಯವರು ಕಬ್ಬ ತಗೋತಾರ, ನಿಮ್ಮನ್ನಲ್ಲ."

ಅಪ್ಪ ಇಳಿದರು. ಆ ವರ್ಷ ಪಂಚಮಿಗೆ ಅವ್ವನನ್ನು ತವರಿಗೆ ಕಳಿಸಲಿಲ್ಲ.

ನಿವೃತ್ತಿಯಾದ ಮೇಲೆ ಮಾಮಾ ಚಿಕ್ಕೋಡಿಗೆ ಬಂದರು. ನಾನು ಅವರ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತಿದ್ದೆ. ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದೆ. ಇದ್ದೆ ಅಂದರೆ, ಬೆಂಚಿನ ಮೇಲೆ. ಒಂದು ದಿನ ನಾನು ಮರೆತ ಡಬ್ಬಿ ಕೊಡಲು ಮೈದಾನಕ್ಕೆ ಬಂದ ಮಾಮಾ, ನಮ್ಮ ಸರ್ ಹುಡುಗಿಯರನ್ನು ಒಳಗೆ ಕಳಿಸುವುದು, ಹೊರಗೆ ಕರೆಯುವುದು ನೋಡಿ ಗಾಬರಿಯಾದರು.

"ಏ ಬೇ, ಒಳಗ ಹೋಗುಮುಂದ ಕಾಟಾ ಇಲ್ಲ, ಹೊರಗ ಬರುಮುಂದ ಕಾಟಾ ಇಲ್ಲ! ಇದೆಂಥಾ ಕಾರಭಾರ?"

ಮರುದಿನವೇ ಒಂದು ವಹಿ, ಅಂದರೆ ಲೆಕ್ಕದ ಪುಸ್ತಕ, ಬಂತು. ಹುಡುಗಿ ಒಳಗೆ ಹೋದಾಗ ಎರಡೂ ತಂಡಗಳ ಅಂಕ ಎಷ್ಟು, ಹೊರಗೆ ಬಂದಾಗ ಎಷ್ಟು? ಅಷ್ಟರಲ್ಲಿ ನಾವು ಮುಂದೆ ಹೋಗಿದ್ದರೆ ಆಕೆಗೆ ಪ್ಲಸ್, ಹಿಂದೆ ಬಿದ್ದಿದ್ದರೆ ಮೈನಸ್. ಅದೇ ಆಕೆಯ ತೂಕ. ಬುಟ್ಟಿಗೆ ಚೆಂಡು ಹಾಕಿದವಳು ಯಾರು ಎಂಬುದು ಮಾಮಾಗೆ ಬೇಕಾಗಿಯೇ ಇರಲಿಲ್ಲ!

ಹೀಗೆ ಇಡೀ ಹಂಗಾಮು ತೂಗಿದರು. ತಂಡದ ಅರ್ಧ ಅಂಕ ಒಬ್ಬಳೇ ತರುತ್ತಿದ್ದ ನಮ್ಮ ಕ್ಯಾಪ್ಟನ್‌ಗೆ ವಹಿಯಲ್ಲಿ ಸೊನ್ನೆ.

"ಹಾಕೂದು ಹಾಕ್ತಾಳ. ತಡಿಯಾಕ ಹೊಳ್ಳಿ ಓಡಂಗಿಲ್ಲ. ಹೇರಿದ್ದೆಲ್ಲಾ ದಾರ್ಯಾಗ ಉದರತೈತಿ."

ಕ್ಯಾಪ್ಟನ್ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನದಿಂದ ಓಡತೊಡಗಿದಳು. ಇನ್ನೊಮ್ಮೆ, ಆಗಷ್ಟೇ ಆಟ ಕಲಿತಿದ್ದ ಒಂದು ತಂಡವನ್ನು ಭಾರಿ ಅಂತರದಿಂದ ಸೋಲಿಸಿ ನಾವು ಕುಣಿಯುತ್ತಿದ್ದರೆ, ಮಾಮಾ ಎಲ್ಲರ ತೂಕವನ್ನೂ ಅರ್ಧಕ್ಕೆ ಇಳಿಸಿದರು. ಕೇಳಿದರೆ, "ಅದು ಕಬ್ಬಲ್ಲ, ರವದಿ." ಕಬ್ಬಿನ ಒಣ ಸೋಗೆಗೆ ಕಾರ್ಖಾನೆಯಲ್ಲಿ ತೂಕ ಮುರಿಯುತ್ತಾರಲ್ಲ, ಹಾಗಂತೆ!

ನಿಪ್ಪಾಣಿಯ ಪಂದ್ಯದಲ್ಲಿ ಅಂಕದ ಬಗ್ಗೆ ಜಗಳವೆದ್ದಾಗ ರೆಫರಿಯೇ ಇವರ ಹತ್ತಿರ ಬಂದು, ಎಷ್ಟಾಯಿತು ಕಾಕಾ ಎಂದು ಮರಾಠಿಯಲ್ಲಿ ಕೇಳಿದ. ಮಾಮಾ ಅಂಕ ಹೇಳಿ, ತೂಕದ ಪಾವತಿ ಚೀಟಿ ಬೇಕಾ ಎಂದು ಮರಾಠಿಯಲ್ಲೇ ಕೇಳಿದರು.

ನನ್ನ ತೂಕ? ಬಹುಪಾಲು ಪುಟಗಳಲ್ಲಿ ನನ್ನ ಹೆಸರಿನ ಮುಂದೆ "ಕಾಟಾಕ್ಕೆ ಬಂದಿಲ್ಲ" ಎಂದಿತ್ತು.

ಫೈನಲ್ ಅಥಣಿಯಲ್ಲಿ. ಹಿಂದಿನ ದಿನ ಸೆಮಿಫೈನಲ್‌ನಲ್ಲಿ ನಮ್ಮ ಎತ್ತರದ ಹುಡುಗಿಯ ಕಾಲು ಉಳುಕಿ, ಆಕೆಯ ಜಾಗದಲ್ಲಿ ನಾನೂ ಮೊದಲ ವರ್ಷದ ಒಬ್ಬ ಹುಡುಗಿಯೂ ಸರದಿಯಂತೆ ಆಡಿದ್ದೆವು. ಫೈನಲ್‌ಗೆ ಇಬ್ಬರಲ್ಲಿ ಒಬ್ಬಳು. ಆಕೆಗೆ ಇನ್ನೂ ಎರಡು ವರ್ಷವಿತ್ತು. ನನಗೆ ಅದೇ ಕೊನೆಯ ಪಂದ್ಯ. ಒಮ್ಮೆಯಾದರೂ ಮೊದಲ ಸೀಟಿಯಿಂದ ಆಡಬೇಕೆಂದು ಮೂರು ವರ್ಷ ಬೆಂಚು ಕಾಯ್ದಿದ್ದೆ. ಸರ್ ನನ್ನ ಮುಖ ನೋಡಲಿಲ್ಲ.

"ಕಾಕಾರ, ವಹಿ ಕೊಡ್ರಿ. ನಿನ್ನೆ ಯಾರ ತೂಕ ಜಾಸ್ತಿ ಐತಿ, ಆಕಿ ಆಡ್ಲಿ."

ಮಾಮಾ ಕೂಡಲೇ ಕೊಡಲಿಲ್ಲ. "ಒಂದ ಲೆಕ್ಕ ಉಳದೈತ್ರಿ. ನನ್ನ ಪೆನ್ನ ಟೆಂಪೋದಾಗ ಐತಿ, ನಿಮ್ದ ಕೊಡ್ರಿ."

ಸರ್ ತಮ್ಮ ಜೇಬಿನ ಹಸಿರು ಪೆನ್ನು ಕೊಟ್ಟರು. ಮಾಮಾ ನಮ್ಮತ್ತ ಬೆನ್ನು ತಿರುಗಿಸಿ ಏನೋ ಬರೆದು ವಹಿ ಕೊಟ್ಟರು. ಮೊದಲ ವರ್ಷದವಳು ಪ್ಲಸ್ ಎರಡು. ನಾನು ಪ್ಲಸ್ ನಾಲ್ಕು!

ಆಡಿದೆ. ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಉಸಿರು ಕಟ್ಟಿ ಆಡಿದೆ. ಆರು ಅಂಕದಿಂದ ಸೋತೆವು.

ಟೆಂಪೋ ಹತ್ತಿದ ಮೇಲೆ ಮಾಮಾ ತಮ್ಮ ನೀಲಿ ಪೆನ್ನು ಹುಡುಕಿ, ಅಳುತ್ತಿದ್ದ ನನ್ನ ಪಕ್ಕದಲ್ಲೇ ಕೂತು ಬರೆದರು. "ಯವ್ವಾ, ಮೈನಸ್ ಆರು." ಸಮಾಧಾನ ಹೇಳುವ ರೀತಿಯೇ ಇದು?

ಸಿಟ್ಟಿಗೆ ವಹಿ ಕಸಿದುಕೊಂಡೆ. ಹಿಂದಿನ ಪುಟ ತಿರುವಿದೆ. ಸೆಮಿಫೈನಲ್. ನನ್ನ ಹೆಸರು, ಪ್ಲಸ್ ನಾಲ್ಕು. ನಾಲ್ಕು ನೀಲಿ. ಪ್ಲಸ್‌ನ ಅಡ್ಡಗೆರೆಯೂ ನೀಲಿ. ಉದ್ದಗೆರೆ ಮಾತ್ರ ಹಸಿರು.

ತಂಗಿಯ ಗಂಡನನ್ನೇ ಕಬ್ಬಿನ ಮೇಲಿಂದ ಇಳಿಸಿದ ಮನುಷ್ಯ! ಸೋತಾಗ ಬಂದದ್ದಕ್ಕಿಂತ ಹೆಚ್ಚು ಅಳು ಬಂತು ನನಗೆ.

"ಮಾಮಾ, ನಿಮ್ಮ ಕಾಟಾ ಕೆಟ್ಟೈತ್ರಿ."

ಅವರು ಕಿಟಕಿಯಾಚೆಯ ಕಬ್ಬಿನ ಹೊಲದಿಂದ ಕಣ್ಣು ತೆಗೆಯಲಿಲ್ಲ.

"ಕಾಟಾ ಬರೋಬರಿ ಐತಿ ಬೇ. ಕಾಟಾದಾಂವ ಕೆಟ್ಟಾನ."