ಸೀಗಡಿ ನೋಡಲು ಬಂದ ಬೀಗರು

ನಾನು ಹೋದಲ್ಲೆಲ್ಲ ಏನಾದರೊಂದು ಆಗೇ ಆಗುತ್ತದೆ. ತಪ್ಪು ನನ್ನದಲ್ಲ. ಗಾಜು, ನೀರು, ಮೀನು ಮತ್ತು ನಮ್ಮ ಮಂದಿ ಒಂದೇ ಕೋಣೆಯಲ್ಲಿ ಸೇರಿದರೆ ಸುಮ್ಮನಿರುವ ಮಾತೇ ಇಲ್ಲ. ದಂಡೋತಿಯಲ್ಲಿ ಹುಟ್ಟಿ, ಕಾಗಿಣಾ ಹೊಳೆಯಲ್ಲಿ ಈಜಿ ಬೆಳೆದ ನಾನು ಈಗ ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲ ಕಡೆ ಮೀನಿನ ಟ್ಯಾಂಕ್ ಮಾಡಿಕೊಡುತ್ತೇನೆ. ಪ್ಲಾಸ್ಟಿಕ್ ಗಿಡ ನಿಲ್ಲಿಸುವ ಟ್ಯಾಂಕ್ ಅಲ್ಲ ಮತ್ತೆ! ಒಳಗೆ ಜೀವಂತ ಗಿಡ, ಗಿಡದ ಸಂದಿಯಲ್ಲಿ ತರತರದ ಮೀನು, ಕೆಳಗೆ ಕೆಂಪು ಸೀಗಡಿ, ಎಲ್ಲ ಒಂದೇ ನೀರಿನಲ್ಲಿ. ಈ ಭಾಗದಲ್ಲಿ ನನ್ನ ಹಾಗೆ ಮಾಡುವ ಇನ್ನೊಬ್ಬನಿದ್ದರೆ ಕರೆತನ್ನಿ, ಅವನಿಗೂ ಕಲಿಸಿ ಕಳಿಸುತ್ತೇನೆ.

ಇದರಿಂದ ಅಡ್ಡಿ ಆದದ್ದು ಒಂದಕ್ಕೇ, ನನ್ನ ಲಗ್ನಕ್ಕೆ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಕೋಳಿ ತತ್ತಿ ಅಂದರೂ ಅವ್ವ ಕಿವಿ ಮುಚ್ಚಿಕೊಳ್ಳುತ್ತಾಳೆ. ಚಂದಾಪುರದ ಒಂದು ಹುಡುಗಿ ನನಗೆ ಭಾಳ ಮನಸ್ಸಿಗೆ ಬಂದಿದ್ದಳು. ನಾನೂ ಆಕೆಯ ಮನಸ್ಸಿಗೆ ಬಂದಿದ್ದೆ, ಬರದೇ ಏನು! ಆದರೆ ನಡುವೆ ನಿಂತ ನನ್ನ ಸೋದರಮಾವ ಹುಡುಗಿಯ ಅಪ್ಪನ ಮುಂದೆ ಬಾಯಿ ಬಿಟ್ಟ.

"ಹುಡುಗ ಮೀನ ಸಾಕ್ತಾನ್ರಿ, ಸೀಗಡಿನೂ ಸಾಕ್ತಾನ. ತಿನ್ಲಿಕ್ಕ ಅಲ್ರಿ, ನೋಡ್ಲಿಕ್ಕ."

"ನೋಡ್ಲಿಕ್ಕ ಇದ್ರೂ ಮೀನ ಮೀನೇ ಅಲ್ರಿ?" ಅಂದರಂತೆ ಅವರು. ಆವತ್ತಿನಿಂದ ಆ ಮನೆಯ ಫೋನ್ ಇಲ್ಲ.

ಫರಸಿ ಮೇಲಿನ ಬೆಳೆ

ನನ್ನ ಮೊದಲ ಟ್ಯಾಂಕ್ ನಮ್ಮ ಪಡಸಾಲೆಯಲ್ಲೇ. ನಮ್ಮ ಕಡೆ ನೆಲ ಅಂದರೆ ಶಹಾಬಾದ್ ಫರಸಿ, ನುಣ್ಣನೆಯ ಹಾಸುಗಲ್ಲು. ಮನೆಗೆ ಫರಸಿ, ಅಂಗಳಕ್ಕೆ ಫರಸಿ, ಬಟ್ಟೆ ಒಗೆಯುವಲ್ಲಿ ಫರಸಿ. ಮತ್ತೆ ಟ್ಯಾಂಕಿಗೆ ಯಾಕೆ ಬೇಡ? ಶಹಾಬಾದಿಗೆ ಹೋಗಿ, ಬರೋಬ್ಬರಿ ಅಳತೆಗೆ ಕೊಯ್ಸಿ, ಪಾಲಿಶ್ ಹೊಡೆಸಿ ತಂದು ತಳಕ್ಕೆ ಕೂಡಿಸಿದೆ. ಸಂದಿಯಲ್ಲಿ ಸೂಜಿ ಇಳಿಯಬಾರದು, ಅಂಥ ಕೆಲಸ! ಗಿಡ ನಿಲ್ಲಿಸಿ ನೀರು ಬಿಟ್ಟೆ. ಒಂದೊಂದೇ ಎದ್ದು ಬಂದು ಮೇಲೆ ತೇಲಿದವು. ಒತ್ತಿ ಕೂಡಿಸಿದೆ. ಮತ್ತೆ ಎದ್ದವು.

ಹೊಲದಿಂದ ಬಂದ ಅಪ್ಪ ತಲೆಯ ಟವೆಲ್ ಬಿಚ್ಚುತ್ತ ನೋಡಿದ.

"ಏನ ಮಾಡ್ಲಿಕತ್ತೀಯೋ? ಕಲ್ಲಾಗ ಅವು ಬೇರ ಎಲ್ಲಿ ಬಿಡಬೇಕು?"

"ಇದು ಬ್ಯಾರೆ ಟೆಕ್ನಿಕ್ ಅದ ಅಪ್ಪಾ. ನಿಂಗ ತಿಳಿಯಂಗಿಲ್ಲ."

"ಖರೇ, ನಂಗೇನ ತಿಳೀತದ! ಇಷ್ಟ ವರ್ಷ ಸುಮ್ನ ಮಣ್ಣಾಗ ತೊಗರಿ ಬಿತ್ತೀನಿ. ಈ ಸಲ ಪಡಸಾಲ್ಯಾಗ ಬಿತ್ತತೀನಿ, ನೀನೇ ರಾಶಿ ಮಾಡು."

ಆಮೇಲೆ ಫರಸಿ ತೆಗೆದು, ನಮ್ಮ ಹೊಲದ ಎರೆಮಣ್ಣು ಹಾಕಿ, ಅದರ ಮೇಲೆ ದಪ್ಪಗೆ ಉಸುಕು ಮುಚ್ಚಿದೆ. ಗಿಡ ಹ್ಯಾಂಗ ಎದ್ದವು ಅಂತೀರಿ, ಒಳಗೊಂದು ಅಡವಿಯೇ ಆಯಿತು! ಆ ಐಡಿಯಾ ಪೂರ್ತಿ ನನ್ನದೇ. ಮಣ್ಣು ಮಾತ್ರ ಅಪ್ಪನದು.

ಕೆಂಪು ಬಾಲದ್ದು

ವಾಡಿಯ ಒಂದು ಚಹಾದ ಹೋಟೆಲಿಗೆ ಟ್ಯಾಂಕ್ ಕೂಡಿಸಿದೆ. ಹೊಸ ನೀರಿಗೆ ತಕ್ಷಣ ಮೀನು ಬಿಟ್ಟರೆ ಸಾಯುತ್ತವೆ. ಗಿಡ ಬೇರೂರಿ, ನೀರು ಹದಕ್ಕೆ ಬರುವ ತನಕ ಕೆಲವು ವಾರ ಖಾಲಿ ಬಿಡಲೇಬೇಕು. ಹೋಟೆಲ್ ಮಾಲಕ ಗಡಬಡಿಸಿದ.

"ಖಾಲಿ ನೀರಿಗಿ ಲೈಟ್ ಹಚ್ಚಿ ಕುಂತ್ರ ಗಿರಾಕಿ ನಗಂಗಿಲ್ಲೇನೋ ತಮ್ಮಾ?"

"ಅಂಜಬ್ಯಾಡ್ರಿ ಸಾವ್ಕಾರ್ರ. ಕೇಳಿದ್ರ ಗಿಡದ ಹಿಂದ ಕುಂತಾವ ಅನ್ರಿ."

ಪಾಳಿ ಮುಗಿಸಿ ಬಂದ ಸಿಮೆಂಟ್ ಫ್ಯಾಕ್ಟರಿಯ ಒಬ್ಬರು ಚಹಾ ಹಿಡಿದು ಗಾಜಿಗೆ ಮೂಗು ಹಚ್ಚಿದರು. ಭಾಳ ಹೊತ್ತು ನೋಡಿ, "ಹಾಂ, ಕಂಡ್ತು! ಕೆಂಪು ಬಾಲದ್ದು!" ಅಂದರು. ಪಕ್ಕದವರು ಬಿಟ್ಟಾರೇನು? "ಕೆಂಪು ಅಲ್ರಿ, ಕೇಸರಿ." ಮೂರನೆಯವರು ಎರಡು ಕಂಡರು. ದಿನಾ ಸಂಜೆ ಇಲ್ಲದ ಮೀನಿನ ಬಣ್ಣದ ಮೇಲೆ ಜಗಳ. ಹೋಟೆಲಿನಲ್ಲಿ ಕುಂದ್ರಲು ಜಾಗ ಸಿಗಲಿಲ್ಲ.

ಕೊನೆಗೆ ನೀರು ಹದಕ್ಕೆ ಬಂತು. ನಾನು ಆರಿಸಿ ಆರಿಸಿ ತಂದ ಮೀನು ಬಿಟ್ಟೆ. ಹಳದಿ, ನೀಲಿ, ಬೆಳ್ಳಿ, ಥಳಥಳ! ಎಲ್ಲರೂ ಹೊಗಳಲಿ ಅಂತ ಎದೆ ಉಬ್ಬಿಸಿ ನಿಂತೆ.

ಮೊದಲು ನೋಡಿದವರೇ ಬಂದು, ಬಗ್ಗಿ ನೋಡಿ, ತಲೆ ಅಲ್ಲಾಡಿಸಿದರು. "ಛಲೋ ಅವ. ಆದ್ರ ಮೊದಲಿನವು ಇನ್ನಾ ಛಲೋ ಇದ್ವು."

ಸೋಮವಾರ

ಸೇಡಂನ ಒಂದು ಮನೆಯಲ್ಲಿ ಒಬ್ಬ ವಯಸ್ಸಾದ ಆಯಿ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸುವ ಪೈಕಿ ಅಲ್ಲ. ಟ್ಯಾಂಕ್ ಕೂಡಿಸಿ ಮೀನು, ಸೀಗಡಿ ಬಿಟ್ಟು ಬಂದ ಮೇಲೆ ಫೋನ್ ಬಂತು: ನೀರು ಮಜ್ಜಿಗೆ ಆಗ್ಯದ, ಬಾ. ಹೋಗಿ ನೋಡಿದರೆ ಜೋಳದ ರೊಟ್ಟಿ ನುರಿಸಿ ಹಾಕಿದ್ದಾರೆ, ಮೇಲೆ ಖಾರದ ಶೇಂಗಾ ಹಿಂಡಿ ಉದುರಿಸಿದ್ದಾರೆ.

"ಆಯಿ, ಇದೇನ್ರಿ?"

"ಬರೇ ರೊಟ್ಟಿ ಹ್ಯಾಂಗ ತಿಂತಾವಪ್ಪಾ?"

ನೀರು ಬದಲಿಸಿ, ಚಿಟಿಕೆಯಷ್ಟೇ ಮೀನಿನ ಕಾಳು ಹಾಕಿ ಅಂತ ತೋರಿಸಿದೆ. ಜತೆಗೆ, "ವಾರಕ್ಕೊಂದು ದಿನ ಉಪವಾಸ ಇಡ್ರಿ, ಆರಾಮ ಇರ್ತಾವ" ಅಂದೆ. ಆಯಿಯ ಮುಖ ಅರಳಿತು. "ಅಂದ್ರ ಇವೂ ಉಪವಾಸ ಇರ್ತಾವ? ಸೋಮವಾರ ಇರ್ಲಿ ಹಂಗಾರ, ನಾನೂ ಇರ್ತೀನಿ."

ನನ್ನನ್ನು ಕೂಡಿಸಿ ಉಣ್ಣಿಸುತ್ತ ಮೇಲಿಂದ ಕೆಳಗೆ ನೋಡಿದರು. "ಲಗ್ನ ಆಗ್ಯದೇನು?"

"ಇಲ್ರಿ. ಚಂದಾಪುರದಾಗ ಒಂದು ಕೂಡಿ ಬಂದಿತ್ತು. ಮೀನ ಸಾಕ್ತಾನ ಅಂತ ಸುಮ್ನಾಗ್ಯಾರ."

"ಹೌದಾ?" ಅಂದರು. ಇನ್ನೊಂದು ರೊಟ್ಟಿ ಹಾಕಿದರು. ಅಷ್ಟೇ.

ಮುಂದಿನ ಮಂಗಳವಾರ ಮತ್ತೆ ಫೋನ್. ಹೋಗಿ ನೋಡುತ್ತೇನೆ, ಟ್ಯಾಂಕಿನ ತುಂಬ ಮುತ್ತಿನ ಹಾಗೆ ಸಾಬುದಾಣಿ, ಅದೇ ಸಬ್ಬಕ್ಕಿ!

"ಆಯಿ! ಉಪವಾಸ ಅಂದಿದ್ನಲ್ರಿ!"

"ಉಪವಾಸನೇ ಇಟ್ಟೀನಪ್ಪಾ. ಅದ್ಕೇ ಸಾಬುದಾಣಿ. ಉಪವಾಸದವ್ರಿಗಿ ಫರಾಳಾ ಬ್ಯಾಡೇನು?"

ಅಣ್ಣತಮ್ಮರು

ಒಂದು ಶುಕ್ರವಾರ ಸೋದರಮಾವ ಏದುಸಿರು ಬಿಡುತ್ತ ಬಂದ. "ಚಂದಾಪುರದವ್ರು ಮನಿ ನೋಡ್ಲಿಕ್ಕ ಬರ್ಲಿಕತ್ತಾರ! ಆ ಟ್ಯಾಂಕ್ ಮ್ಯಾಲ ಚಾದರ ಹಾಕೋ!"

ಚಾದರ? ನನ್ನ ಟ್ಯಾಂಕ್ ಮೇಲೆ? ಗಾಜು ಒರೆಸಿ ಲೈಟ್ ಹಚ್ಚಿದೆ. ಸಾಲದ್ದಕ್ಕೆ, ಬೇರೆ ಟ್ಯಾಂಕಿಗೆಂದು ತಂದಿಟ್ಟಿದ್ದ ದೊಡ್ಡ ಏಂಜಲ್ ಮೀನನ್ನೂ ಬಿಟ್ಟೆ. ರೆಕ್ಕೆ ಬಿಚ್ಚಿದರೆ ರಾಜನೇ! ಸೀಗಡಿ ಇದ್ದಲ್ಲಿ ದೊಡ್ಡ ಮೀನು ಬಿಡಬೇಡಿ ಅಂತ ಊರೂರಲ್ಲಿ ಹೇಳುವವನು ನಾನೇ. ಅದು ಉಳಿದವರ ಟ್ಯಾಂಕಿಗೆ.

ಜೀಪಿನಿಂದ ಹುಡುಗಿಯ ಅಪ್ಪ ಇಳಿದರು, ಹಣೆ ತುಂಬ ವಿಭೂತಿ. ಅವರ ಹಿಂದೆ ಇಳಿದದ್ದು ಯಾರು? ಸೇಡಂ ಆಯಿ!

"ಇಂವ ನನ್ನ ಅಳಿಯ," ಅಂದರು ಆಯಿ, ಅವರ ಕಡೆ ಕೈ ಮಾಡಿ. "ಆ ಹುಡುಗನ ಮೀನ ಸೋಮವಾರ ಉಪವಾಸ ಇರ್ತಾವ, ನಿಮ್ಮ ಮನ್ಯಾಗ ಯಾರ ಇರ್ತೀರಿ ಅಂತ ಕೇಳ್ದೆ. ಸುಮ್ನ ಬಂದ."

ನನಗೆ ರೆಕ್ಕೆ ಬಂದ ಹಾಗಾಯಿತು. ಅವರನ್ನು ಸೀದಾ ಟ್ಯಾಂಕಿನ ಮುಂದೆ ನಿಲ್ಲಿಸಿದೆ. "ಇವು ಸೀಗಡಿ ನೋಡ್ರಿ. ಪಾಚಿ, ಉದುರಿದ ಎಲಿ, ಇಷ್ಟರ ಮ್ಯಾಲೇ ಇರ್ತಾವ. ನಮ್ಮ ನಿಮ್ಮಂಗ."

ಅವರು ಬಗ್ಗಿ ನೋಡಿದರು. ಮುಖ ಸಡಿಲಾಯಿತು. "ಇಷ್ಟ ಜಾತಿ ಒಂದೇ ನೀರಾಗ ಹೊಂದಿ ಇರ್ತಾವೇನು?"

"ಅಣ್ಣತಮ್ಮರ ಹಂಗ ಇರ್ತಾವ್ರಿ!"

ಅಷ್ಟರಲ್ಲಿ ಏಂಜಲ್ ನಿಧಾನಕ್ಕೆ ಇಳಿದು ಬಂತು. ಅವರ ಮೂಗಿನ ಮುಂದೆಯೇ ಒಂದು ಸೀಗಡಿಯನ್ನು ಗಪ್ಪನೆ ಹಿಡಿಯಿತು. ಸೀಗಡಿಯ ಮೀಸೆ ಎರಡು ಅದರ ಬಾಯಿಯ ಹೊರಗೆ ಅಲ್ಲಾಡುತ್ತ ಉಳಿದವು.

ಸೋದರಮಾವ ಮಾಳಿಗೆಯ ಜಂತಿ ಎಣಿಸತೊಡಗಿದ. ಅವ್ವ ಬಾಗಿಲಲ್ಲೇ ಕಲ್ಲಾದಳು. ಹುಡುಗಿಯ ಅಪ್ಪ ನೆಟ್ಟಗೆ ನಿಂತು ನನ್ನನ್ನು ನೋಡಿದರು.

"ಅಣ್ಣತಮ್ಮರು?"

ನಾನು ಕೈ ಚಾಚಿ ಟ್ಯಾಂಕಿನ ಲೈಟ್ ಆರಿಸಿದೆ. ಅವರು ಚಪ್ಪಲಿ ಹುಡುಕತೊಡಗಿದರು.

ಆಯಿ ಕುಂತಲ್ಲಿಂದಲೇ ಕೇಳಿದರು. "ಇವತ್ತ ಏನ ವಾರ?"

"ಶುಕ್ರವಾರ್ರಿ," ಅಂದ ಸೋದರಮಾವ, ಜಂತಿ ನೋಡುತ್ತಲೇ.

"ಮತ್ತ? ಸೋಮವಾರ ಉಪವಾಸ ಇರ್ತಾವ ಅಂತ ನಾ ಹೇಳೀನಿ. ವಾರಪೂರ್ತಿ ಇರ್ತಾವ ಅಂತ ಯಾರ ಹೇಳ್ಯಾರ?"

ಚಪ್ಪಲಿಯಲ್ಲಿ ಒಂದು ಕಾಲಿಟ್ಟಿದ್ದ ಅಳಿಯ ಅಲ್ಲೇ ನಿಂತರು. ಹೆಗಲು ಕುಣಿಯತೊಡಗಿತು. ಸಿಟ್ಟು ಅಂದುಕೊಂಡೆ, ನಗು! ವಿಭೂತಿ ಬೆವರಲ್ಲಿ ಇಳಿಯುವ ತನಕ ನಕ್ಕು, ಒಳಗೆ ಬಂದು ಕುಂತರು. ಅವ್ವ ಓಡಿ ಹೋಗಿ ಸಕ್ಕರೆ ತಂದಳು. ಅವರು ಚಿಟಿಕೆ ತೆಗೆದು ನನ್ನ ಬಾಯಲ್ಲಿ ಹಾಕಿದರು. ಆಯಿತು, ಲಗ್ನ ಗಟ್ಟಿ!

ನಾನು ಮತ್ತೆ ಎದೆ ಉಬ್ಬಿಸುವಷ್ಟರಲ್ಲಿ ಅವರು ಬೆರಳೆತ್ತಿದರು.

"ಒಂದೇ ಮಾತು. ಲಗ್ನ ಸೋಮವಾರನೇ ಇಡ್ರಿ. ಆವತ್ತ ನಮ್ಮ ಮಠದ ಸ್ವಾಮಿಗೋಳು ಬಂದು ಇದೇ ಪಡಸಾಲ್ಯಾಗ, ಈ ಟ್ಯಾಂಕಿನ ಮುಂದ ಕುಂದ್ರವ್ರು ಇದ್ದಾರ."