ಅಮ್ಮ-3308

ನಮ್ಮ ಮನೆಯಲ್ಲಿ ಯಾರಿಗೂ ಕಣ್ಣು ಕಾಣುವುದಿಲ್ಲ. ಹಾಗೆಂದು ವೈದ್ಯರು ಹೇಳಿಲ್ಲ. ಅವರ ಪ್ರಕಾರ ನನ್ನ ಗಂಡನಿಗೆ ಇರುವುದು ಬರೀ ಚಾಳೀಸು, ಮಗಳಿಗೆ ಅದೂ ಇಲ್ಲ. ಅತ್ತೆಗಂತೂ ಎಡಗಣ್ಣಿನ ಆಪರೇಷನ್ ಆದ ಮೇಲೆ ಎದುರು ಮನೆಯವರು ಯಾವ ಬಣ್ಣದ ದಾರದಲ್ಲಿ ಗುಂಡಿ ಹೊಲಿದುಕೊಂಡಿದ್ದಾರೆ ಎಂಬುದೂ ಕಾಣುತ್ತದೆ. ಆದರೆ ಟವೆಲ್ಲು, ಕತ್ತರಿ, ಬೀಗದ ಕೈ, ರಕ್ತಪರೀಕ್ಷೆಯ ಚೀಟಿ ಇವು ಮಾತ್ರ ಯಾರಿಗೂ ಕಾಣುವುದಿಲ್ಲ. ಇವನ್ನು ನೋಡುವ ಕಣ್ಣು ಇಡೀ ಮನೆಗೆ ಒಂದೇ ಜೊತೆ. ಅದನ್ನು ನನ್ನ ಮುಖದಲ್ಲಿ ಇಡಲಾಗಿದೆ.

"ಅಮ್ಮಾ, ಎಲ್ಲಿದೆ?" ಎಂಬುದು ದಿನಕ್ಕೆ ಎಷ್ಟು ಸಲ ನನ್ನ ಕಿವಿಗೆ ಬೀಳುತ್ತದೆಂದು ಒಮ್ಮೆ ಎಣಿಸಲು ಕೂತೆ. ಮಧ್ಯಾಹ್ನದೊಳಗೆ ಮೂವತ್ತೊಂದು ಗೀಟು ಬಿತ್ತು. ಅಷ್ಟರಲ್ಲಿ ಮಗಳು ಬಂದು, ನಾನು ಗೀಟು ಹಾಕುತ್ತಿದ್ದ ಪೆನ್ಸಿಲ್ ಎಲ್ಲಿದೆ ಎಂದು ಕೇಳಿದಳು. ಅಲ್ಲಿಗೆ ಬಿಟ್ಟೆ. ಗಂಡನೂ ನನ್ನನ್ನು ಅಮ್ಮ ಎಂದೇ ಕರೆಯುತ್ತಾರೆ. (ಮಗಳು ಮಾತು ಕಲಿಯಲಿ ಎಂದು ಶುರುಮಾಡಿದ್ದು. ಅವಳು ಕಲಿತು ಹದಿನೈದು ವರ್ಷವಾಯಿತು, ಇವರು ಇನ್ನೂ ಕಲಿಸುತ್ತಲೇ ಇದ್ದಾರೆ.) ಅತ್ತೆಯೂ ಅವರಿಗೆ ಅಮ್ಮನೇ ಆದ್ದರಿಂದ ಅವರು ಕರೆದರೆ ನಾವಿಬ್ಬರೂ ತಿರುಗುತ್ತೇವೆ. ಸುದ್ದಿ ಹೇಳುವುದಿದ್ದರೆ ಅತ್ತೆ, ಏನಾದರೂ ಹುಡುಕುವುದಿದ್ದರೆ ನಾನು.

ಈ ಸ್ಥಿತಿಯಲ್ಲಿ, ಹತ್ತಿರದ ಶಾಲೆಯ ಗ್ರಂಥಾಲಯಕ್ಕೆ ಸಹಾಯಕಿ ಬೇಕಾಗಿದ್ದಾರೆ ಎಂಬ ಪ್ರಕಟಣೆ ನನ್ನ ಕಣ್ಣಿಗೆ ಬಿತ್ತು. ಮದುವೆಗೆ ಮುಂಚೆ ನಾನು ಒಂದು ವರ್ಷ ಗ್ರಂಥಾಲಯ ತರಬೇತಿ ಮುಗಿಸಿದವಳು. ಪ್ರಮಾಣಪತ್ರವೂ ಇದೆ. ಅರ್ಜಿ ಬರೆದೆ. ಮನೆಯವರಿಗೆ ಹೇಳಿದ ಕಾರಣ, ಮಗಳು ದೊಡ್ಡವಳಾದಳು, ನನಗೂ ಸಮಯ ಕಳೆಯಬೇಕು ಎಂದು. ನಿಜವಾದ ಕಾರಣವನ್ನು ನಿಮಗೆ ಮಾತ್ರ ಹೇಳುತ್ತೇನೆ. ಆ ಶಾಲೆಯಲ್ಲಿ ಕೆಲಸದವರೆಲ್ಲ ಎದೆಗೆ ಹೆಸರಿನ ಬಿಲ್ಲೆ ಹಾಕಿಕೊಳ್ಳುತ್ತಾರೆ. ದಿನಕ್ಕೆ ಆರು ಗಂಟೆಯಾದರೂ ನನ್ನನ್ನು ಯಾರಾದರೂ ನನ್ನ ಹೆಸರು ಹಿಡಿದು ಕರೆಯಲಿ ಎಂಬ ಆಸೆ ನನಗೆ. ಚಿನ್ನದ ಸರದ ಮೇಲೂ ನಾನು ಅಷ್ಟು ಆಸೆಪಟ್ಟವಳಲ್ಲ.

ಶನಿವಾರ ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ಅರ್ಜಿ ಕಳಿಸಬೇಕಿತ್ತು. ಪ್ರಮಾಣಪತ್ರವನ್ನು ಸ್ಕ್ಯಾನ್ ಮಾಡಿ, ಫೈಲಿಗೆ ಅರ್ಜಿದಾರರ ಹೆಸರನ್ನೇ ಇಡಬೇಕು ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಗುರುವಾರವೇ ಸ್ಕ್ಯಾನ್ ಮಾಡಿದೆ. ಅದಕ್ಕೆ ನನ್ನ ಪೂರ್ತಿ ಹೆಸರು ಇಟ್ಟೆ. ಆರು ಸಾವಿರ ಚಿಲ್ಲರೆ ಫೈಲುಗಳಿರುವ ನಮ್ಮ ಮನೆಯ ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಫೈಲು ಅದೊಂದೇ. ಮೂಲ ಪತ್ರವನ್ನು ಲ್ಯಾಮಿನೇಷನ್ ಮಾಡಲು ಅಂಗಡಿಗೆ ಕೊಟ್ಟೆ. ಅಂಗಡಿಯವನು ಅದನ್ನು ಒಳಗಿಟ್ಟು ಬೀಗ ಹಾಕಿ ಬುಧವಾರದವರೆಗೆ ಊರಿಗೆ ಹೋದ.

ಪ್ರಮಾಣಪತ್ರದ ಜೊತೆಗೇ ಇನ್ನೊಂದು ಹಾಳೆಯನ್ನೂ ಸ್ಕ್ಯಾನ್ ಮಾಡಿದ್ದೆ. 'ನಾನು ಕೆಲಸಕ್ಕೆ ಹೋದ ಮೇಲೆ ಮನೆ ನಡೆಯಬೇಕಾದ ರೀತಿ' ಎಂಬ ನಲವತ್ತೊಂದು ಅಂಶಗಳ ಪಟ್ಟಿ ಅದು. ಸ್ಕ್ಯಾನಿಗೆ ಮುಂಚೆ ಎರಡು ಹಾಳೆಗಳೂ ಮೇಜಿನ ಮೇಲಿದ್ದಾಗ ನನ್ನ ಗಂಡ ಚಹಾದ ಲೋಟವನ್ನು ಪ್ರಮಾಣಪತ್ರದ ಮೇಲಿಟ್ಟರು. ನಾನು ಕಿರುಚಿದ ಕೂಡಲೇ ತಪ್ಪು ತಿಳಿದು, ಲೋಟವನ್ನು ಎತ್ತಿ ಪಟ್ಟಿಯ ಮೇಲಿಟ್ಟರು. ಹೀಗಾಗಿ ಎರಡಕ್ಕೂ ಮೂಲೆಯಲ್ಲಿ ಕಂದು ಬಣ್ಣದ ಒಂದೊಂದು ಬಳೆ.

ಶುಕ್ರವಾರ ಊಟಕ್ಕೆ ಕೂತಾಗ ಘೋಷಿಸಿದೆ. "ಕೆಲಸ ಸಿಕ್ಕಿದರೆ ಯಾರೂ ನನಗೆ ಫೋನ್ ಮಾಡಿ ಅದೆಲ್ಲಿದೆ ಇದೆಲ್ಲಿದೆ ಅಂತ ಕೇಳೋ ಹಾಗಿಲ್ಲ. ಕಾಗದ ಪತ್ರ ಎಲ್ಲಾ ಕಂಪ್ಯೂಟರಿನಲ್ಲಿದೆ. ನೀವೇ ಹುಡುಕ್ಕೊಳ್ಳಿ."

"ಅದರಲ್ಲಿ ಹುಡುಕೋದು ಮನುಷ್ಯರಿಂದ ಆಗೋ ಕೆಲಸ ಅಲ್ಲ," ಎಂದರು ಗಂಡ. "ನೀನು ಎಂಥೆಂಥ ಹೆಸರು ಇಟ್ಟಿದ್ದೀಯ ಗೊತ್ತಾ? 'ನಲ್ಲಿ ರಿಪೇರಿ ಎರಡನೆಯವನೇ ವಾಸಿ.' ಇದೊಂದು ಹೆಸರಾ?"

"ಮೊದಲನೆಯವನು ಬಂದಾಗ ಅಡುಗೆಮನೆ ಕೆರೆ ಆಗಿದ್ದು ಮರೆತಿರಾ? ಅದಕ್ಕೇ ಹಾಗಿಟ್ಟೆ."

"'ಅತ್ತೆ ಎಡಗಣ್ಣು, ಬಲಗಣ್ಣಲ್ಲ.' 'ಫ್ರಿಜ್ ವಾರಂಟಿ ಮುಗಿದಿದೆ ಆದರೂ ಇರಲಿ.' 'ಮಗಳ ಅಂಕಪಟ್ಟಿ ಅಪ್ಪನಿಗೆ ತೋರಿಸಿಲ್ಲ.' ಏನೇ ಇದು?"

ಮಗಳು ತಟ್ಟೆಯೊಳಗೆ ಮುಖ ಹುದುಗಿಸಿದಳು.

ನನ್ನ ಗಂಡ ಗೋದಾಮಿನ ಮೇಲ್ವಿಚಾರಕರು. ಅಲ್ಲಿ ನಲವತ್ತು ಸಾವಿರ ಪೆಟ್ಟಿಗೆಗಳಿವೆ. ಒಂದೊಂದಕ್ಕೂ ಒಂದೊಂದು ಸಂಖ್ಯೆ. "ಇವತ್ತಿನವರೆಗೆ ಒಂದು ಪೆಟ್ಟಿಗೆ ಕಳೆದಿಲ್ಲ," ಎಂದು ಎದೆ ಉಬ್ಬಿಸಿದರು.

"ಕನ್ನಡಕ ಮಾತ್ರ ದಿನಾ ಕಳೀತೀಯ," ಎಂದರು ಅತ್ತೆ. "ಅದಕ್ಕೂ ಒಂದು ಸಂಖ್ಯೆ ಅಂಟಿಸ್ಕೊಳ್ಳಪ್ಪ."

ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಗಂಡಂದಿರಿಗೆ ಒಂದು ಉಪಾಯ ಹೊಳೆಯುವುದು ಅಪರೂಪ. ಹೊಳೆದ ಮೇಲೆ ಅದನ್ನು ಯಾರಾದರೂ ಅಡಗಿಸಿಡಬೇಕು. ನಾನು ಮರೆತೆ.

ಶನಿವಾರ ಮಧ್ಯಾಹ್ನ ಮಾಳಿಗೆಯಲ್ಲಿ ಬಟ್ಟೆ ಒಣಹಾಕಿ ಇಳಿದು ಬಂದರೆ, ಅವರು ಕಂಪ್ಯೂಟರಿನ ಮುಂದೆ ಕೈಕಟ್ಟಿ, ರಾಜ್ಯ ಗೆದ್ದವರ ಹಾಗೆ ಕೂತಿದ್ದರು.

"ಬಾ, ಬಾ. ನಿನಗೊಂದು ಉಡುಗೊರೆ! ಆಫೀಸಿನಲ್ಲಿ ಹೊಸದಾಗಿ ಬಂದಿರೋ ಟೂಲು. ಒಂದೇ ಸಲ ಒತ್ತಿದರೆ ಸಾಕು, ಎಷ್ಟು ಸಾವಿರ ಫೈಲಿದ್ದರೂ ಹೆಸರು ಬದಲಾಗುತ್ತೆ. ನೀನು ಹದಿನೈದು ವರ್ಷ ಒಂದೊಂದಾಗಿ ಬೆರಳು ಸವೆಸಿದ್ದನ್ನ ನಾನು ಹನ್ನೊಂದು ಸೆಕೆಂಡಲ್ಲಿ ಮುಗಿಸಿದೆ. ಇನ್ನು ಯಾರೂ ನಿನ್ನನ್ನ ಕೇಳಬೇಕಾಗಿಲ್ಲ."

ಕೈಲಿದ್ದ ಬಕೆಟ್ಟು ಕೆಳಗಿಟ್ಟೆ. "ಎಲ್ಲಾ ಫೈಲುಗಳಿಗೂ?"

"ಎಲ್ಲಾ! ಬೇರೆ ಬೇರೆ ಫೋಲ್ಡರ್‌ನಲ್ಲಿ ಚೆಲ್ಲಾಡಿದ್ದನ್ನೂ ಒಂದೇ ಕಡೆ ಸೇರಿಸಿದೆ. ಯಾರ ಕಾಗದವೋ ಅವರ ಹೆಸರು, ಮುಂದೆ ಒಂದು ಸಂಖ್ಯೆ. ನಮ್ಮಮ್ಮಂದು ಬೇಕಾ, ಅಜ್ಜಿ. ನಂದು ಬೇಕಾ, ಅಪ್ಪ. ಸರಳ!"

ಪರದೆಯತ್ತ ಬಗ್ಗಿ ನೋಡಿದೆ. ಅಮ್ಮ-0001. ಅಮ್ಮ-0002. ಅಮ್ಮ-0003. ಕೆಳಗೆ ಸರಿಸಿದೆ. ಅಮ್ಮ-0418. ಇನ್ನೂ ಸರಿಸಿದೆ. ಅಮ್ಮ-2960. ಸರಿಸಿ ಸರಿಸಿ ಬೆರಳು ನೋವು ಬಂತು. ಅಮ್ಮ-6214. ಅದರ ಮುಂದೆ ಅಪ್ಪ-0001, ಅಪ್ಪ-0002, ಅಪ್ಪ-0003. ಪಟ್ಟಿ ಮುಗಿಯಿತು.

"ಯಾರ ಕಾಗದ ಅಂತ ಆ ಟೂಲಿಗೆ ಹೇಗೆ ಗೊತ್ತಾಯ್ತು?"

"ಅದೇ ಕೇಳ್ತು, 'ಫೈಲಿನ ಒಡೆಯರ ಹೆಸರು ಹಾಕಲೇ?' ಅಂತ. ಹಾಕು ಅಂದೆ."

ಮಗಳು ಓಡಿ ಬಂದು ನೋಡಿ ಹಣೆ ಚಚ್ಚಿಕೊಂಡಳು. "ಅಪ್ಪಾ, ಒಡೆಯರು ಅಂದರೆ ಕಂಪ್ಯೂಟರಿಗೆ ಯಾರು ಫೈಲನ್ನ ಹಾಕಿದರೋ ಅವರು! ಅಜ್ಜಿ ಚೀಟಿ, ನನ್ನ ಅಂಕಪಟ್ಟಿ, ನಿಮ್ಮ ವಿಮೆ, ಎಲ್ಲಾ ಅಮ್ಮನೇ ಸ್ಕ್ಯಾನ್ ಮಾಡಿರೋದು. ಕಂಪ್ಯೂಟರಲ್ಲಿ ಅಮ್ಮನ ಹೆಸರು 'ಅಮ್ಮ' ಅಂತ ನಾನೇ ಇಟ್ಟಿದ್ದೆ."

ಆರು ಸಾವಿರದ ಇನ್ನೂರ ಹದಿನೇಳು ಫೈಲುಗಳಲ್ಲಿ ಮನೆಯ ಯಜಮಾನರು ತಾವಾಗಿ ಹಾಕಿದ್ದು ಮೂರು. ತೆರೆದು ನೋಡಿದೆವು. ಒಂದು ಮೋಟಾರ್ ಸೈಕಲ್ಲಿನ ಚಿತ್ರ, ಒಂದು ಸೂರ್ಯಾಸ್ತ, ಇನ್ನೊಂದು ಅದೇ ಸೂರ್ಯಾಸ್ತ.

ಮನೆಯಲ್ಲಿ ಯಾರು ಎಷ್ಟು ಕೆಲಸ ಮಾಡುತ್ತಾರೆಂದು ನಾನು ಹತ್ತೊಂಬತ್ತು ವರ್ಷದಿಂದ ಗಂಟಲು ಹರಿದುಕೊಂಡು ಹೇಳುತ್ತಿದ್ದುದನ್ನು ಆ ಯಂತ್ರ ಹನ್ನೊಂದು ಸೆಕೆಂಡಿನಲ್ಲಿ ಸಾಬೀತು ಮಾಡಿತ್ತು. ಬೇರೆ ದಿನವಾಗಿದ್ದರೆ ಅದನ್ನು ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೆ. ಆದರೆ ಗಡಿಯಾರದಲ್ಲಿ ಎರಡೂವರೆ. ಐದಕ್ಕೆ ಅರ್ಜಿ. ನನ್ನ ಪ್ರಮಾಣಪತ್ರ ಆ ಸಾವಿರಾರು ಅಮ್ಮಂದಿರ ಸಂತೆಯಲ್ಲಿ ಎಲ್ಲೋ ನಿಂತಿತ್ತು.

"ಹಳೇ ಹೆಸರು ವಾಪಸ್ ತನ್ನಿ," ಎಂದೆ.

"ಅದು ಕೇಳ್ತು, 'ಹಳೇ ಹೆಸರುಗಳ ಪಟ್ಟಿ ಉಳಿಸಲೇ?' ಅಂತ. ಕಸ ಯಾಕೆ ಅಂತ ಬೇಡ ಅಂದೆ."

"ಗುರುವಾರದ ತಾರೀಖಿರೋದನ್ನ ಹುಡುಕಿ."

ಅವರು ಕಿವಿ ತುರಿಸಿಕೊಂಡರು. "ತಾರೀಖು ಒಂದೇ ಸಮ ಇದ್ದರೆ ಚೆಂದ ಅಂತ ಎಲ್ಲಕ್ಕೂ ಇವತ್ತಿಂದೇ ಹಾಕಿಸಿದೆ."

"ಈ ಸಂಖ್ಯೆಗಳಿಗಾದರೂ ಏನಾದರೂ ಅರ್ಥ ಇದೆಯೋ?"

"ಇದೆ! ಗಾತ್ರದ ಪ್ರಕಾರ. ಗೋದಾಮಿನಲ್ಲಿ ಯಾವತ್ತೂ ದೊಡ್ಡ ಪೆಟ್ಟಿಗೆ ಕೆಳಗೆ."

"ನಾನು ಹಡೆದಾಗ ನೀನು ಒಂಬತ್ತು ಪೌಂಡ್ ಇದ್ದೆ," ಎಂದರು ಅತ್ತೆ, ಕುರ್ಚಿ ಎಳೆದುಕೊಂಡು ಕೂಡುತ್ತಾ. "ಎಲ್ಲಾ ಎಲ್ಲಿಗೆ ಹೋಯ್ತೋ ಏನೋ. ಮೇಲಕ್ಕಂತೂ ಹೋಗಿಲ್ಲ."

ಹುಡುಕಾಟ ಶುರುವಾಯಿತು. ಕಂಪ್ಯೂಟರ್ ಒಂದು, ಮೌಸ್ ಒಂದು, ತಲೆ ನಾಲ್ಕು. ಮೂರು ಸಾವಿರ ಬಿಳಿ ಹಾಳೆಗಳ ಪುಟಾಣಿ ಚಿತ್ರಗಳು ಪರದೆಯ ಮೇಲೆ ಕಡಲೆಪುರಿಯಂತೆ ಹರಡಿದ್ದವು. ಗಂಡ ಕಂಡಕಂಡದ್ದನ್ನು ತೆರೆಯತೊಡಗಿದರು. ಮಗಳ ಲಸಿಕೆಯ ಚೀಟಿ. ಗೀಸರಿನ ಬಗ್ಗೆ ನಾನು ಬರೆದ ಏಳನೆಯ ದೂರು. ಅವರದೇ ಬೆನ್ನುಮೂಳೆಯ ಎಕ್ಸ್-ರೇ. ಅವರ ಕಳೆದುಹೋದ ಚಾಲನಾ ಪರವಾನಗಿಗೆ ಅವರ ಪರವಾಗಿ ನಾನು ಬರೆದ ಅರ್ಜಿ. ತೆರೆದದ್ದನ್ನೆಲ್ಲ ಓದುತ್ತಾ ಅವರು ಮೆಲ್ಲಗಾದರು. ಕಡೆಗೆ ನನ್ನ ಕಡೆ ತಿರುಗಿದರು.

"ಇದನ್ನೆಲ್ಲಾ ನೀನು ಯಾವಾಗ ಮಾಡಿದೆ?"

ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ ಕೇಳಿದ ಪ್ರಶ್ನೆ. ನನ್ನ ಕಣ್ಣಂಚು ಒದ್ದೆಯಾಗುವುದರಲ್ಲಿತ್ತು. ಅಷ್ಟರಲ್ಲಿ ಅವರು ಮುಂದುವರಿಸಿದರು. "ಇಷ್ಟೊಂದು ಯಾಕೆ ಮಾಡಿದೆ? ಸ್ವಲ್ಪ ಕಮ್ಮಿ ಇದ್ದಿದ್ದರೆ ಈಗ ಬೇಗ ಸಿಗ್ತಿತ್ತು."

ಕಣ್ಣಂಚು ತಾನಾಗಿಯೇ ಒಣಗಿತು.

ನಾಲ್ಕು ಗಂಟೆ. ನಾಲ್ಕೂಕಾಲು. ನಾನು ಮೌಸ್ ಕಿತ್ತುಕೊಂಡೆ, ಮಗಳು ನನ್ನಿಂದ ಕಿತ್ತುಕೊಂಡಳು. ನಾಲ್ಕೂ ಮುಕ್ಕಾಲಾಯಿತು. ಆ ಹೆಸರಿನ ಬಿಲ್ಲೆ ಯಾರದೋ ಎದೆಯ ಮೇಲೆ ಏರುವುದು ಕಣ್ಣಿಗೆ ಕಟ್ಟಿತು.

ಆಗ ಅತ್ತೆ ಶಾಂತವಾಗಿ ಕೇಳಿದರು. "ಅಲ್ಲ ಕಣೇ, ಇವನು ಅದರ ಮೇಲೆ ಲೋಟ ಕುಕ್ಕಿದ್ದನಲ್ಲ, ಅದರ ಗುರುತು ಬಂದಿರಲ್ವಾ? ಆ ಸಾಲಿನಲ್ಲಿ ಎರಡು ಹಾಳೆ ಮೂಲೇಲಿ ಬಳೆ ಕಾಣ್ತಿದೆ ನೋಡು. ಅಕ್ಕಪಕ್ಕದಲ್ಲೇ ಇವೆ."

ಎಡಗಣ್ಣಿನ ಆಪರೇಷನ್ನಿಗೆ ಜಯವಾಗಲಿ! ಮಗಳು ಒಂದನ್ನು ತೆರೆದಳು. ಅಮ್ಮ-3307, ಪ್ರಮಾಣಪತ್ರ. ಪಕ್ಕದ್ದು ನನ್ನ ಪಟ್ಟಿ. ಅಷ್ಟು ಹೊತ್ತಿಗೆ ಗಡಿಯಾರ ಐದಕ್ಕೆ ನಾಲ್ಕು ನಿಮಿಷ ತೋರಿಸುತ್ತಿತ್ತು.

"ಏಳಿ ಎಲ್ಲರೂ! ಯಾರೂ ಮುಟ್ಟಬೇಡಿ. ಇನ್ನು ನಾನೇ ಮಾಡ್ತೀನಿ."

"ಅಮ್ಮಾ, ಒಂದ್ಸಲ ತೆಗೆದು ನೋಡಿ ಆಮೇಲೆ..."

"ಸುಮ್ನಿರು!"

"ಅಲ್ಲಮ್ಮಾ, ಹೆಸರು..."

"ಸುಮ್ನಿರೇ ಅಂದ್ರೆ!"

ಬಳೆ ಇದ್ದದ್ದನ್ನು ಲಗತ್ತಿಸಿ ಒತ್ತಿದೆ. 'ನಿಮ್ಮ ಅರ್ಜಿ ತಲುಪಿದೆ' ಎಂದು ಬಂತು. ಕುರ್ಚಿಯಿಂದ ಎದ್ದು, ಸೊಂಟಕ್ಕೆ ಕೈಕೊಟ್ಟು, ಇಡೀ ಸಂಸಾರವನ್ನು ಸಾಲಾಗಿ ನಿಲ್ಲಿಸಿ ಒಂದು ಭಾಷಣ ಬಿಗಿದೆ. ಒತ್ತುವ ಮುಂಚೆ ನೋಡಬೇಕು. ನೋಡದೆ ಒತ್ತುವುದು ಈ ಮನೆಯ ರೋಗ. ಕಣ್ಣಿರುವುದು ಕನ್ನಡಕ ತೂಗುಹಾಕಲು ಅಲ್ಲ. ಹೀಗೆ ಸುಮಾರು ಇಪ್ಪತ್ತು ನಿಮಿಷ. ನನ್ನ ಗಂಡ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದರು. ಅಪೂರ್ವ ದೃಶ್ಯ.

ಸೋಮವಾರ ಬೆಳಿಗ್ಗೆ ಫೋನ್ ಬಂತು. ನನ್ನ ಕೈಯೆಲ್ಲ ಸೋಪಿನ ನೊರೆ. ಮಗಳು ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಎತ್ತಿ ಹಿಡಿದಳು.

"ನಾನು ಶಾಲೆಯ ಗ್ರಂಥಪಾಲಕಿ," ಎಂದಿತು ಗಂಭೀರ ದನಿ. "ನೀವು ಪ್ರಮಾಣಪತ್ರ ಅಂತ ಕಳಿಸಿದ್ದೀರಲ್ಲ, ಅದನ್ನ ಓದ್ತೀನಿ ಕೇಳಿ. 'ಹದಿನೇಳು: ಹಾಲು ಒಲೆಯ ಮೇಲಿದ್ದಾಗ ಫೋನಿನಲ್ಲಿ ಲೋಕಾಭಿರಾಮ ಬೇಡ. ಇಪ್ಪತ್ತಮೂರು: ಒಗೆದ ಬಟ್ಟೆ ತಾನೇ ನಡೆದುಕೊಂಡು ಬೀರುವಿಗೆ ಹೋಗುವುದಿಲ್ಲ. ಮೂವತ್ತು: ಎಲ್ಲಿದೆ ಎಂದು ಕೇಳುವ ಮುಂಚೆ ಕತ್ತನ್ನು ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ತಿರುಗಿಸಿ.'"

ನೊರೆ ಮೊಣಕೈವರೆಗೆ ಇಳಿಯಿತು. ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು ಮೆತ್ತಗೆ ಕೇಳಿದರು. "ಒತ್ತೋ ಮುಂಚೆ ನೋಡಿದ್ದೆಯೇನೇ?"

ನನ್ನ ಗಂಡ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಪೇಪರ್ ಅಲುಗಾಡುತ್ತಿತ್ತು.

"ಕ್ಷಮಿಸಿ ಮೇಡಂ, ಪ್ರಮಾಣಪತ್ರ ಬೇರೆ ಇದೆ, ಮೂಲ ಪ್ರತಿ ಬುಧವಾರ ಕೈಗೆ ಬರುತ್ತೆ..."

"ಬುಧವಾರ ತಂದು ತೋರಿಸಿ, ಸಾಕು. ಮೂವತ್ತನೇ ಅಂಶವನ್ನ ಈಗಾಗಲೇ ನಮ್ಮ ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ್ದೀನಿ. ಇಷ್ಟು ವ್ಯವಸ್ಥೆ ಗೊತ್ತಿರೋರು ಬೇರೆ ಯಾರೂ ಅರ್ಜಿ ಹಾಕಿಲ್ಲ. ಮುಂದಿನ ವಾರದಿಂದ ಬನ್ನಿ."

ಕೆಲಸ ಸಿಕ್ಕಿತು! ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ. ಅಂಗಡಿಯಿಂದ ಪ್ರಮಾಣಪತ್ರ ತಂದು ತೋರಿಸಿದೆ. ಮೊದಲ ದಿನ ಇಸ್ತ್ರಿ ಮಾಡಿದ ಸೀರೆಯುಟ್ಟು, ಬಿಲ್ಲೆ ಸಿಕ್ಕಿಸುವುದಕ್ಕೆಂದೇ ಎಡಗಡೆ ಜಾಗ ಬಿಟ್ಟು ಸೆರಗು ಹೊದ್ದು ಶಾಲೆಗೆ ಹೋದೆ. ಗ್ರಂಥಪಾಲಕಿ ಮೇಜಿನ ಡ್ರಾ ಎಳೆದು ನನ್ನ ಬಿಲ್ಲೆಯನ್ನು ಕೈಗಿಟ್ಟರು. ಮುಖದಲ್ಲಿ ಏನೋ ಸಂಕೋಚ.

"ಬಿಲ್ಲೆಗಳನ್ನ ಈಗ ಕಂಪ್ಯೂಟರೇ ಮಾಡೋದು. ಅರ್ಜಿ ಜೊತೆ ಬಂದ ಫೈಲಿನ ಹೆಸರನ್ನ ಹಾಗೇ ತಗೊಂಡು ಅಚ್ಚು ಹಾಕಿಬಿಡುತ್ತೆ. ತಿದ್ದಿಸೋಕೆ ಬರೆದಿದ್ದೀನಿ. ಮುಂದಿನ ವರ್ಷದ ಹೊತ್ತಿಗೆ ಬರುತ್ತೆ. ಅಲ್ಲೀವರೆಗೆ ಇದನ್ನೇ ಹಾಕ್ಕೊಳ್ಳಿ, ಇಲ್ಲದಿದ್ದರೆ ಗೇಟಿನವನು ಒಳಗೆ ಬಿಡಲ್ಲ."

ನೀಲಿ ಬಿಲ್ಲೆ. ಹೊಳೆಯುವ ಬಿಳಿ ಅಕ್ಷರ. ಅಮ್ಮ-3308.

ಸಿಕ್ಕಿಸಿಕೊಂಡೆ. ಇನ್ನೇನು ಮಾಡಲಿ, ಒತ್ತಿದವಳು ನಾನೇ. ಬೀರುಗಳನ್ನೆಲ್ಲ ಒಂದು ಸುತ್ತು ನೋಡಿ ಬರುವಷ್ಟರಲ್ಲಿ ಮೊದಲ ಗಂಟೆ ಹೊಡೆಯಿತು. ಐದನೆಯ ತರಗತಿಯ ನಲವತ್ತು ಮಕ್ಕಳು ನುಗ್ಗಿ ಬಂದರು. ಮುಂದಿದ್ದ ಎರಡು ಜಡೆಯ ಹುಡುಗಿ ನನ್ನ ಎದೆಯ ಮೇಲಿನ ಬಿಲ್ಲೆಯನ್ನು ಅಕ್ಷರ ಕೂಡಿಸಿಕೊಂಡು ಓದಿದಳು. ಮಕ್ಕಳು ಕಲಿತದ್ದನ್ನು ಕೂಡಲೇ ಬಳಸುತ್ತಾರೆ.

"ಅಮ್ಮಾ, ತಿಮಿಂಗಿಲದ ಪುಸ್ತಕ ಎಲ್ಲಿದೆ?"

ಹಿಂದಿದ್ದ ಮೂವತ್ತೊಂಬತ್ತು ಮಂದಿಯೂ ಅದನ್ನೇ ಹಿಡಿದರು. ಅಮ್ಮಾ ಎಲ್ಲಿದೆ, ಅಮ್ಮಾ ಎಲ್ಲಿದೆ.

ನಾನು ತಲೆ ಎತ್ತದೆ, ಹಿಂತಿರುಗಿ ನೋಡದೆ, ನನಗೇ ಗೊತ್ತಿಲ್ಲದಂತೆ ಉತ್ತರಿಸಿದೆ. "ಎರಡನೇ ಬೀರು, ಕೆಳಗಿನ ಸಾಲು, ಎಡಗಡೆಯಿಂದ ನಾಲ್ಕನೇದು. ತಗೊಂಡ ಮೇಲೆ ಬಾಗಿಲು ಮುಚ್ಚು, ಮಗಳೇ."