ನಾನು ಸೀರೆ ಅಂಗಡಿ ಬಿಟ್ಟಿದ್ದು

ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವನು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗಿಯೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು ಗಾದಿಯ ಮುಂದೆ ಕೂಡುತ್ತದೆ. ನಾನು ಹರಿಹರದವನು. ದಿನಾ ಬಸ್ಸು ಹಿಡಿದು ದಾವಣಗೆರೆಗೆ ಹೋಗಿ, ಕೆ.ಬಿ. ಬಡಾವಣೆಯ ಒಂದು ಅಂಗಡಿಯಲ್ಲಿ ಸೀರೆ ತೋರಿಸುತ್ತೇನೆ. ನನ್ನ ಮದುವೆಗೆ ಮುಂಚಿನಿಂದಲೂ ಕೆಳಗಿನ ಕಾಟನ್ ವಿಭಾಗದಲ್ಲೇ ಇದ್ದೇನೆ. ರೇಷ್ಮೆ ವಿಭಾಗ ಮಹಡಿಯ ಮೇಲೆ, ಅಲ್ಲಿ ಎ.ಸಿ. ಬೇರೆ ಇದೆ. ಅಲ್ಲಿಗೆ ಹತ್ತುವ ಆಸೆ ನನಗೂ ಇತ್ತು, ನನ್ನ ಹೆಂಡತಿಗೂ ಇತ್ತು. ಮಾಲೀಕರಿಗೆ ಮಾತ್ರ ಇರಲಿಲ್ಲ.

೧. ಮೊದಲ ಸಲ ಬಿಟ್ಟಿದ್ದು

ಭಾನುವಳ್ಳಿಯಿಂದ ಒಂದು ಮದುವೆ ಬಳಗ ಬಂತು. ಬೀಗರಿಗೆ ಕೊಡಲು ಸೀರೆ ಬೇಕಿತ್ತು. ಹಸಿರು ತೋರಿಸಿದೆ, ನೀಲಿ ತೋರಿಸಿದೆ, ಕಪಾಟು ಬರಿದಾಗಿ ಗಾದಿಯ ಮೇಲೆ ಸೀರೆಯ ಗುಡ್ಡವೇ ಎದ್ದಿತು. ಆಗ ಅವರ ಅಜ್ಜಿ, "ತಮ್ಮಾ, ಎಲ್ಲಕ್ಕಿಂತ ಮೊದ್ಲು ತೋರಿಸಿದ್ಯಲ್ಲ, ಅದ್ನೇ ತೋರ್ಸು" ಎಂದರು. ಅದು ಗುಡ್ಡದ ಅಡಿಯಲ್ಲಿತ್ತು. ಎಳೆದು ಕೊಟ್ಟೆ. ಅಜ್ಜಿ ಮುಟ್ಟಿ ನೋಡಿ, "ಚೆನ್ನಾಗೈತೆ. ಅಮಾಸಿ ಕಳೀಲಿ, ಬರ್ತೀವಿ" ಎಂದು ಎದ್ದುಬಿಟ್ಟರು.

ನನಗೆ ತಲೆ ಕೆಟ್ಟುಹೋಯಿತು. ನೇರ ಮಾಲೀಕರ ಮುಂದೆ ಹೋಗಿ ನಿಂತೆ.

"ಸಾವ್ಕಾರ್ರೆ, ಈ ಕೆಲ್ಸ ನನಗ್ ಬ್ಯಾಡ. ಬಿಡ್ತೀನಿ."

ಅವರು ಫೋನಿನಿಂದ ತಲೆ ಎತ್ತಲಿಲ್ಲ. "ಬಿಡಪ್ಪ. ಅವನ್ನೆಲ್ಲ ಮಡಚಿಟ್ಟು ಹೋಗು."

ಮಡಚಿ ಮುಗಿಸುವಷ್ಟರಲ್ಲಿ ನನ್ನ ಸಿಟ್ಟೂ ಹೋಗಿತ್ತು, ಹರಿಹರದ ಬಸ್ಸೂ ಹೋಗಿತ್ತು.

೨. ಯೋಚನೆ ಬದಲಿಸಿದ್ದು

ನಮ್ಮ ಸಪ್ಪೆ ಮುಖ ನೋಡಲಾರದೆ ಮಾಲೀಕರು ಒಬ್ಬ ತರಬೇತಿದಾರರನ್ನು ಕರೆಸಿದರು. ದಾವಣಗೆರೆಯ ಬಿಸಿಲಲ್ಲಿ ಕೋಟು ಹಾಕಿಕೊಂಡು ಬಂದ ಧೈರ್ಯಕ್ಕೇ ನಾನು ಕೈಮುಗಿದೆ. "ಬೇಜಾರಾದರೆ ಕೆಲಸ ಬದಲಿಸಬೇಡಿ, ಯೋಚನೆ ಬದಲಿಸಿ. ನೀವು ಮಾರುತ್ತಿರುವುದು ಸೀರೆ ಅಲ್ಲ, ಸಂತೋಷ!" ಎಂದರು. ಜೋರಾಗಿ ಚಪ್ಪಾಳೆ ತಟ್ಟಿದೆವು, ಮುಗಿದ ಮೇಲೆ ಬೆಣ್ಣೆದೋಸೆ ಇತ್ತು.

ಮರುದಿನ ಲೋಕಿಕೆರೆಯ ಹೆಣ್ಣುಮಗಳೊಬ್ಬರು ಬಂದರು.

"ಬರ್ರಿ ಅಕ್ಕಾರೆ, ಕೂಡ್ರಿ. ಇದನ್ನ ಸೀರೆ ಅಂತ ತಿಳ್ಕೋಬ್ಯಾಡ್ರಿ, ಸಂತೋಷ!"

ಆಕೆ ಸೆರಗನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರು.

"ಒಗೆದ್ರೆ ಈ ಸಂತೋಷ ಬಣ್ಣ ಬಿಡ್ತೈತೇನಪ್ಪ?"

೩. ನಗುಮುಖ

ದಿನವಿಡೀ ನಗುತ್ತಿರಬೇಕೆಂದೂ ಆ ತರಬೇತಿದಾರರು ಹೇಳಿದ್ದರು. ಅದನ್ನೂ ಮಾಡಿದೆ. ಸಂಜೆ ಹೊತ್ತಿಗೆ ದವಡೆ ನೋಯುತ್ತಿತ್ತು. ಒಬ್ಬಾಕೆ ಸೀರೆ ಆರಿಸಿ ಎದ್ದಿದ್ದರು, ಅವರ ಗಂಡ ನನ್ನ ಮುಖ ನೋಡಿದವರೇ ಸೀರೆ ಕಿತ್ತುಕೊಂಡು ಗಾದಿಗೆ ಹಾಕಿದರು.

"ಬ್ಯಾಡ ಬಾ. ಈತ ಯಾಕ ಇಷ್ಟು ನಗ್ತಾನೆ? ಎಲ್ಲೋ ತೂತು ಐತೆ."

೪. ನಿಜವಾಗಿ ಬಿಟ್ಟಿದ್ದು

ಅದೇ ವಾರ ರೇಷ್ಮೆ ವಿಭಾಗಕ್ಕೆ ಮಾಲೀಕರ ಷಡ್ಡಕನ ಮಗ ಬಂದು ಕೂತ. ನನಗೆ ಅಳುವೇ ಬಂತು. ಈ ಸಲ ಮಡಚುವುದು ಏನೂ ಬಾಕಿ ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಬಿಟ್ಟು ಬಂದೆ. "ಇನ್ಮೇಲೆ ಸೀರೆ ಕಡೆ ಕಣ್ಣೆತ್ತಿ ನೋಡಲ್ಲ" ಎಂದು ಮನೆಯಲ್ಲಿ ಘೋಷಿಸಿದೆ. ಹೆಂಡತಿ ನನ್ನ ಬುತ್ತಿ ಡಬ್ಬಿ ತೊಳೆದು ಅಟ್ಟಕ್ಕೆ ಹಾಕಿದಳು. ಅದನ್ನು ನೋಡಿಯೇ ನನಗೆ ಭಯವಾಯಿತು.

ಅಷ್ಟರಲ್ಲಿ ಅವಳ ತಮ್ಮನ ನಿಶ್ಚಿತಾರ್ಥ ಬಂತು. ಹರಿಹರದ ಅಂಗಡಿಯೊಂದಕ್ಕೆ ನನ್ನನ್ನು ಕರೆದೊಯ್ದಳು. ಅವಳು ಒಳಗಿನ ಕಪಾಟಿನ ಕಡೆ ಹೋದಳು. ನಾನು ಉಳಿದ ಗಂಡಂದಿರ ಜೊತೆ ಬೆಂಚಿನ ಮೇಲೆ ಕೈಕಟ್ಟಿ ಕೂತೆ. ಎದುರಿನ ಗಾದಿಯವನು ಸೀರೆಯನ್ನು ಟವೆಲ್ಲಿನ ಹಾಗೆ ಹಿಡಿದು ತೋರಿಸುತ್ತಿದ್ದ. ಮುಂದೆ ಕೂತ ಹೆಣ್ಣುಮಕ್ಕಳು ಆಕಳಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಹಂಗಲ್ಲಪ್ಪ, ಸೆರಗು ಬಿಡಿಸು."

ಅವನು ಬಿಡಿಸಲಿಲ್ಲ. ಒಂದು ಸಲ ತೋರಿಸಿಕೊಡೋಣ ಎಂದು ಎದ್ದೆ, ಅಷ್ಟೇ. ಸೀರೆಯನ್ನು ನಾವು ಹೆಗಲ ಮೇಲೆ ಹೊದ್ದೇ ತೋರಿಸಬೇಕು, ಹೊದ್ದೆ. ನೆರಿಗೆ ಹಿಡಿದೆ. ಒಂದು ಸುತ್ತು ತಿರುಗಿದೆ. ಹೆಣ್ಣುಮಕ್ಕಳು ಆಕಳಿಕೆ ಬಿಟ್ಟು ಮುಂದಕ್ಕೆ ಸರಿದರು. ಒಂದು ಸೀರೆ ಖರ್ಚಾಯಿತು, ಇನ್ನೊಂದು ಖರ್ಚಾಯಿತು, ಅಂಗಡಿಯವರು ನನಗೆ ಚಹಾ ತರಿಸಿದರು. ನಿಜ ಹೇಳುತ್ತೇನೆ, ಅಷ್ಟು ಖುಷಿ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ಹೊದ್ದ ಸೀರೆ ಕಾಟನ್ನೋ ರೇಷ್ಮೆಯೋ ಎಂದು ಕೂಡ ನಾನು ನೋಡಿರಲಿಲ್ಲ.

ಬೆನ್ನ ಹಿಂದೆ ಯಾರೋ ಕೇಳಿದರು. "ಆ ಗುಲಾಬಿದ್ರಾಗೆ ಬೇರೆ ಅಂಚು ಐತೇನ್ರಿ?"

ತಿರುಗದೆಯೇ ಹೇಳಿದೆ. "ಐತೆ ಅಕ್ಕಾರೆ! ಬರ್ರಿ, ಕೂಡ್ರಿ. ನಿಮ್ ಬಣ್ಣಕ್ಕೆ ಹೇಳಿ ಮಾಡಿಸ್ದಂಗೈತೆ."

ಬೆಂಚಿನ ಮೇಲಿದ್ದ ಗಂಡಂದಿರು ಕಿಸಕ್ಕನೆ ನಕ್ಕರು. ತಿರುಗಿದರೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು ನನ್ನ ಹೆಂಡತಿ.

ಮನೆ ಮುಟ್ಟುವವರೆಗೂ ಅವಳು ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ರಾತ್ರಿ ಮಾಲೀಕರಿಗೆ ಫೋನ್ ಮಾಡಿದೆ. "ಬಾರಪ್ಪ, ಭಾನುವಳ್ಳಿಯೋರು ಬಂದು ಹೋಗ್ಯಾರ. ಮಡಚೋದು ಹಂಗೇ ಬಿದ್ದೈತೆ" ಎಂದರು.

ಬೆಳಿಗ್ಗೆ ಎದ್ದಾಗ ಕೇಳದೆಯೇ ಬುತ್ತಿ ತಯಾರಾಗಿತ್ತು. ಬಾಗಿಲಲ್ಲಿ ಅದನ್ನು ನನ್ನ ಕೈಗಿಟ್ಟು, ಬೀದಿಯವರೆಲ್ಲ ಕೇಳುವ ಹಾಗೆ ನನ್ನ ಹೆಂಡತಿ ಹೇಳಿದಳು:

"ಹೋಗಿ ಬರ್ರಿ, ಅಣ್ಣಾರೆ!"